ಕಬ್ಬಿಣ ಬೆವರುವ ಹೊತ್ತು

ಗಂಗಾಪುರದಲ್ಲಿ ಮನೆ ಮಾಡಿದ್ದೇನೆ ಎಂದರೆ ವಿಜಯಪುರದ ನನ್ನ ಬಂಧುಬಳಗ ಮೊದಲು ಕೈ ಮುಗಿಯುತ್ತದೆ. ಅವರ ತಲೆಯಲ್ಲಿರುವುದು ಅಫಜಲಪುರ ತಾಲ್ಲೂಕಿನ ಗಾಣಗಾಪುರ. "ಪುಣ್ಯವಂತರು ಬಿಡ್ರಿ, ದಿನಾ ದತ್ತನ ಪಾದುಕಾ ದರ್ಶನ" ಎನ್ನುತ್ತಾರೆ. ಹುಣ್ಣಿಮೆಗೆ ಬಂದು ನಾಲ್ಕು ದಿನ ಇಳಿದುಕೊಳ್ಳುವ ಮಾತನ್ನೂ ಕೆಲವರು ತೆಗೆಯುತ್ತಾರೆ. ನಾನು ತಿದ್ದುವ ಗೋಜಿಗೆ ಹೋಗುವುದಿಲ್ಲ. ಪುಕ್ಕಟೆ ಬಂದ ಪುಣ್ಯವನ್ನು ಬೇಡವೆನ್ನುವಷ್ಟು ದೊಡ್ಡ ಮನುಷ್ಯ ನಾನಲ್ಲ. ಇನ್ನು ಪೇಪರು ಓದುವ ಜಾಣರಿದ್ದಾರೆ, ಅವರು "ಈ ವರ್ಷ ಡ್ಯಾಮು ತುಂಬಿತೇನ್ರಿ?" ಎಂದು ಕೇಳುತ್ತಾರೆ. ಅದು ನಾಸಿಕದ ಪಕ್ಕದ ಗಂಗಾಪುರ, ಗೋದಾವರಿಗೆ ಅಣೆಕಟ್ಟು ಕಟ್ಟಿದ ಊರು. ನನ್ನದು ಅದೂ ಅಲ್ಲ. ಅದೇ ಗೋದಾವರಿಯ ಗುಂಟ ಕೆಳಗೆ ಬಂದರೆ ಛತ್ರಪತಿ ಸಂಭಾಜಿನಗರ ಜಿಲ್ಲೆಯಲ್ಲಿ ಒಂದು ತಾಲ್ಲೂಕು ಊರು ಸಿಗುತ್ತದೆ. ದತ್ತನ ಪಾದುಕೆಯೂ ಇಲ್ಲದ, ಅಣೆಕಟ್ಟೂ ಇಲ್ಲದ ಆ ಗಂಗಾಪುರ ನನ್ನದು.

ಹೆಸರಿನಲ್ಲಿ ಗಂಗೆ ಇದ್ದ ಮಾತ್ರಕ್ಕೆ ನಲ್ಲಿಯಲ್ಲಿ ನೀರು ಬರಬೇಕೆಂದೇನೂ ಇಲ್ಲ. ಇದು ಮರಾಠವಾಡಾ. ಮೇಲಿನ ಗಂಗಾಪುರದವರು ನೀರು ಬಿಟ್ಟರೆ ಅದು ನಾಂದೂರ್ ಮಧ್ಯಮೇಶ್ವರ ದಾಟಿಕೊಂಡು ಪೈಠಣದ ಜಾಯಕವಾಡಿ ಜಲಾಶಯಕ್ಕೆ ಬರಬೇಕು. ಅದರ ಹಿನ್ನೀರು ನಮ್ಮ ತಾಲ್ಲೂಕಿನ ಅಂಚನ್ನು ಮುಟ್ಟುತ್ತದೆ. ಬಿಡುವವರಿಗೆ ಬಿಡಲು ಮನಸ್ಸಿಲ್ಲ, ಕೇಳುವವರಿಗೆ ಸುಮ್ಮನಿರಲು ಬಾಯಿಲ್ಲ. ಮಳೆ ಕೈಕೊಟ್ಟ ವರ್ಷ ಇದೊಂದು ಜಗಳ ಕೋರ್ಟಿನವರೆಗೂ ಹೋಗಿ ಬರುತ್ತದೆ. 2016ರ ಬೇಸಿಗೆಯಲ್ಲಿ ಲಾತೂರಿಗೆ ಮೀರಜಿನಿಂದ ರೈಲಿನಲ್ಲಿ ನೀರು ತಂದದ್ದು ನಿಮಗೆ ನೆನಪಿರಬಹುದು. ಅದೂ ನಮ್ಮ ಮರಾಠವಾಡಾದ್ದೇ ಕಥೆ. ಇಂಥ ನಾಡಿನಲ್ಲಿ, ಯಾವ ಕೋರ್ಟಿಗೂ ಹೋಗದೆ, ಯಾವ ಟ್ಯಾಂಕರಿನ ಹಿಂದೆಯೂ ಕೊಡ ಹಿಡಿದು ಓಡದೆ, ಮನೆಗೇ ನೀರು ತರಿಸಿಕೊಳ್ಳುವವನು ಒಬ್ಬನಿದ್ದಾನೆ. ಅವನು ನನ್ನ ಹಿತ್ತಲಿನ ಶೆಡ್ಡಿನಲ್ಲಿ ನಿಂತಿರುವ ಲೇಥ್ ಮಶೀನು.

ಶೆಡ್ಡಿನ ಬಗ್ಗೆ ಎರಡು ಮಾತು ಹೇಳಬೇಕು. ವಾಳೂಜ್ ಕೈಗಾರಿಕಾ ಪ್ರದೇಶ ನಮ್ಮ ತಾಲ್ಲೂಕಿನಲ್ಲೇ ಬರುತ್ತದೆ. ಅಲ್ಲಿಯ ಒಂದು ಕಾರ್ಖಾನೆಯ ಟೂಲ್ ರೂಮಿನಲ್ಲಿ ನನ್ನ ಕೂದಲು ಬೆಳ್ಳಗಾಯಿತು. ನಿವೃತ್ತಿಯಾದಾಗ ಜೊತೆಯವರು ಶಾಲು ಹೊದಿಸಿ, ಗಣಪತಿ ಮೂರ್ತಿ ಕೊಟ್ಟು, "ಇನ್ನು ಆರಾಮಾಗಿರಿ" ಎಂದು ಹರಸಿದರು. ಕಬ್ಬಿಣ ಕೊರೆದವನಿಗೆ ಆರಾಮು ಎಲ್ಲಿಂದ ಬರಬೇಕು? ಬಾಗಿಲು ಹಾಕಿದ ವರ್ಕ್‌ಶಾಪೊಂದರ ಹರಾಜಿನಲ್ಲಿ ಹಳೆಯ ಎಚ್‌ಎಂಟಿ ಲೇಥ್ ಸಿಕ್ಕಿತು. 1953ರಲ್ಲಿ ಬೆಂಗಳೂರಿನ ಜಾಲಹಳ್ಳಿಯಲ್ಲಿ ಸ್ವಿಟ್ಜರ್ಲೆಂಡಿನ ಓರ್ಲಿಕಾನ್ ಕಂಪನಿಯ ನೆರವಿನಿಂದ ಶುರುವಾದ ಕಾರ್ಖಾನೆಯ ಕುಲದ್ದು. ಈ ಊರಿನಲ್ಲಿ ನನ್ನ ಜೊತೆ ಕನ್ನಡದವನು ಇನ್ನೊಬ್ಬನಿರಲಿ ಎಂದು ತಂದೆ. ನಾಲ್ಕು ಗೋಡೆ, ಮೇಲೆ ಪತ್ರಾ, ಕೆಳಗೆ ಸಿಮೆಂಟಿನ ನೆಲ, ಒಂದು ಬೆಂಚು, ವೈಸು, ಡ್ರಿಲ್ಲು. ಮನೆಯವಳು ಅದನ್ನು "ನಿಮ್ಮ ಎರಡನೇ ಸಂಸಾರ" ಎನ್ನುತ್ತಾಳೆ. ಮೊದಲನೆಯದರ ಮೇಲೆ ಇಲ್ಲದ ಕಾಳಜಿ ಅದರ ಮೇಲೆ ಇದೆ ಎಂಬುದು ಅವಳ ತಕರಾರು. ಮೊದಲನೆಯದಕ್ಕೆ ತುಕ್ಕು ಹಿಡಿಯುವುದಿಲ್ಲವಲ್ಲ ಎಂದು ಒಮ್ಮೆ ಅಂದದ್ದುಂಟು. ಆ ದಿನದ ಊಟದ ವಿಚಾರ ಇಲ್ಲಿ ಬೇಡ.

ಇಲ್ಲಿಯ ಚಳಿಗಾಲ ಒಣ ಚಳಿಗಾಲ. ರಾತ್ರಿ 10 ಡಿಗ್ರಿಯ ಆಸುಪಾಸಿಗೆ ಇಳಿಯುತ್ತದೆ, ಒಮ್ಮೊಮ್ಮೆ ಅದಕ್ಕೂ ಕೆಳಗೆ. ತುಟಿ ಒಡೆಯುತ್ತದೆ, ಹಿಮ್ಮಡಿ ಸೀಳುತ್ತದೆ, ಕಬ್ಬಿಣಕ್ಕೆ ಮಾತ್ರ ಏನೂ ಆಗುವುದಿಲ್ಲ. ಆದರೆ ನಡುವೆ ಎಲ್ಲಿಂದಲೋ ಮೋಡ ಕಟ್ಟುತ್ತದೆ. ಸಮುದ್ರದ ಕಡೆಯಿಂದ ಬೆಚ್ಚನೆಯ ತೇವದ ಗಾಳಿ ನುಗ್ಗುತ್ತದೆ. ಅದಕ್ಕೆ ಇಲ್ಲಿಯವರು ಅವಕಾಳಿ ಎನ್ನುತ್ತಾರೆ. ನಾಸಿಕದ ದ್ರಾಕ್ಷಿ ಬೆಳೆಗಾರರ ಎದೆ ಒಡೆಯುವ ಹೊತ್ತು ಅದು. ಅಂಥ ಒಂದು ಬೆಳಗ್ಗೆ ಶೆಡ್ಡಿನ ಬಾಗಿಲು ತೆಗೆದು ನೋಡಿದರೆ ಲೇಥ್ ತಲೆಯಿಂದ ಕಾಲಿನವರೆಗೆ ತೊಯ್ದು ನಿಂತಿತ್ತು. ಮೊದಲು ಪತ್ರಾ ಸೋರಿತೆಂದುಕೊಂಡೆ. ಹನಿ ಮಳೆಯೂ ಬಿದ್ದಿರಲಿಲ್ಲ. ಮನೆಯವಳನ್ನು ಕರೆದೆ. ಅವಳು ಬಂದು ಸೆರಗಿನಲ್ಲಿ ಕೈ ಒರೆಸಿಕೊಳ್ಳುತ್ತ, "ಏನ್ರೀ, ಇದಕ್ಕ ಜ್ವರ ಬಿಟ್ಟಾಂಗ ಬೆವತೈತಿ" ಎಂದಳು. ವೈದ್ಯಶಾಸ್ತ್ರದ ಮಾತು ಬಿಡಿ, ಅವಳು ಕಂಡದ್ದು ಕಂಡ ಹಾಗೆ ಹೇಳಿದ್ದಳು.

ನಾನು ಕನ್ನಡಕ ಹಾಕಿಕೊಂಡು ಬಗ್ಗಿ ನೋಡಿದೆ. ಬೆಡ್ಡಿನ ಹೊಳೆಯುವ ಪಟ್ಟಿಯ ಮೇಲೆ ಸಾಸಿವೆ ಕಾಳಿನಷ್ಟು ಹನಿಗಳು ಒತ್ತೊತ್ತಾಗಿ ಕೂತಿದ್ದವು. ಕೆಲವು ಒಂದಕ್ಕೊಂದು ಸೇರಿ ಗೆರೆಯಾಗಿ ಕೆಳಗಿಳಿದಿದ್ದವು. ಚಕ್ಕಿನ ಹಲ್ಲುಗಳ ಸಂದಿಯಲ್ಲಿ ನೀರು ನಿಂತಿತ್ತು. ಟೇಲ್‌ಸ್ಟಾಕಿನ ಹೊಟ್ಟೆಯ ಕೆಳಗೆ ಒಂದು ಹನಿ ಬೀಳಲೋ ಬೇಡವೋ ಎಂದು ಜೋತುಬಿದ್ದಿತ್ತು. ಆದರೆ ವಿಚಿತ್ರ ನೋಡಿ: ಟ್ರೇಯಲ್ಲಿ ಹಿಂದಿನ ದಿನ ಕೊರೆದ ಕಬ್ಬಿಣದ ಚೂರು, ಸುರುಳಿ ಸುರುಳಿ ಸಿಪ್ಪೆ, ಗರಿಗರಿಯಾಗಿ ಒಣಗಿಯೇ ಇತ್ತು. ಸುತ್ತಿಗೆಯ ಮರದ ಹಿಡಿ ಒಣ, ತಲೆ ಒದ್ದೆ. ಮರದ ಪೆಟ್ಟಿಗೆಯೊಳಗಿನ ವರ್ನಿಯರ್ ಒಣ, ಬೆಂಚಿನ ಮೇಲಿನ ವೈಸು ಒದ್ದೆ. ಮಳೆಯಾಗಿದ್ದರೆ ಇಷ್ಟು ಭೇದಭಾವ ಮಾಡುತ್ತಿರಲಿಲ್ಲ.

ಬೇಸಿಗೆಯಲ್ಲಿ ತಣ್ಣೀರಿನ ತಂಬಿಗೆಯ ಹೊರಮೈ ಹನಿಗಟ್ಟುವುದನ್ನು ನೀವು ನೋಡಿರುತ್ತೀರಿ. ತಂಬಿಗೆ ಸೋರುತ್ತಿಲ್ಲ, ಸುತ್ತಲಿನ ಗಾಳಿಯಲ್ಲಿದ್ದ ಆವಿ ತಣ್ಣನೆಯ ಹಿತ್ತಾಳೆ ಮುಟ್ಟಿ ನೀರಾಗುತ್ತದೆ. ನನ್ನ ಲೇಥೂ ಅಂಥದ್ದೇ ಒಂದು ತಂಬಿಗೆ, ಒಳಗೆ ನೀರಿಲ್ಲ ಅಷ್ಟೆ. ಗಾಳಿಗೆ ಆವಿ ಹೊರುವ ಶಕ್ತಿ ಬಿಸಿಯನ್ನು ಅವಲಂಬಿಸಿದೆ. 10 ಡಿಗ್ರಿಯಲ್ಲಿ ಒಂದು ಘನ ಮೀಟರ್ ಗಾಳಿ ಹೆಚ್ಚೆಂದರೆ 9.4 ಗ್ರಾಂ ಆವಿ ಹೊತ್ತೀತು. 20 ಡಿಗ್ರಿಗೆ ಅದು 17 ಗ್ರಾಂ ದಾಟುತ್ತದೆ, 30 ಡಿಗ್ರಿಗೆ 30 ಗ್ರಾಂ. ರಾತ್ರಿಗಳೆಲ್ಲ ಚಳಿಯಲ್ಲಿ ನಿಂತು ತಣ್ಣಗಾದ ಲೇಥಿನ ಬಳಿಗೆ ಅವಕಾಳಿಯ ಬೆಚ್ಚನೆಯ ಗಾಳಿ ಹೊರೆ ಹೊತ್ತು ಬರುತ್ತದೆ. ಮೈ ಮುಟ್ಟಿದ ಕೂಡಲೇ ತಾನೂ ತಣ್ಣಗಾಗಿ, ಹೊರಲಾರದ್ದನ್ನು ಅಲ್ಲೇ ಇಳಿಸಿ ಹೋಗುತ್ತದೆ. ಸಣ್ಣ ಸಿಪ್ಪೆಗೆ ಭಾರವಿಲ್ಲ. ಗಾಳಿ ಬೆಚ್ಚಗಾದರೆ ಅದೂ ಕ್ಷಣದಲ್ಲಿ ಬೆಚ್ಚಗಾಗುತ್ತದೆ, ಒಣಗಿಯೇ ಇರುತ್ತದೆ. ಟನ್ನುಗಟ್ಟಲೆ ತೂಗುವ ಎರಕದ ಕಬ್ಬಿಣ ಹಾಗಲ್ಲ. ಊರೆಲ್ಲ ಬೆಚ್ಚಗಾದ ಮೇಲೂ ಅದು ಮೊನ್ನೆಯ ಚಳಿಯನ್ನೇ ಹಿಡಿದುಕೊಂಡು ಕೂತಿರುತ್ತದೆ. ದೊಡ್ಡವರ ಸಿಟ್ಟು ಇಳಿಯುವುದು ನಿಧಾನ, ನಿಮಗೇ ಗೊತ್ತಲ್ಲ.

ಅಂದರೆ ತುಕ್ಕಿಗೆ ಮಳೆಯೇ ಬೇಕೆಂದಿಲ್ಲ. ಹನಿ ಕಟ್ಟುವಷ್ಟೂ ಬೇಕಿಲ್ಲ. ಇಂಗ್ಲೆಂಡಿನಲ್ಲಿ ವರ್ನನ್ ಎಂಬ ರಸಾಯನಶಾಸ್ತ್ರಜ್ಞ 1920-30ರ ದಶಕಗಳಲ್ಲಿ ಈ ತುಕ್ಕಿನ ಬೆನ್ನು ಹತ್ತಿದ್ದ. ಗಾಳಿಯ ತೇವಾಂಶ ಶೇಕಡಾ 60ರ ಆಸುಪಾಸು ದಾಟಿದರೆ, ಅದರಲ್ಲೂ ಹೊಗೆಯ ಗಂಧಕ ಬೆರೆತ ಗಾಳಿಯಲ್ಲಿ, ಕಬ್ಬಿಣ ಭರದಿಂದ ತುಕ್ಕು ಹಿಡಿಯತೊಡಗುತ್ತದೆ ಎಂದು ತೋರಿಸಿಕೊಟ್ಟ. ಕೆಳಗಿದ್ದರೆ ತೂಕಡಿಸುತ್ತಿರುತ್ತದೆ. ಏಪ್ರಿಲ್, ಮೇ ತಿಂಗಳಲ್ಲಿ ನಮ್ಮೂರಿನ ಗಾಳಿ ತುಕ್ಕಿಗೂ ಬಾಯಾರಿಕೆ ತರಿಸುತ್ತದೆ. ಆಗ ಶೆಡ್ಡಿನಲ್ಲಿ ಏನನ್ನು ಎಲ್ಲಿ ಬಿಟ್ಟರೂ ನಡೆಯುತ್ತದೆ. ಕಷ್ಟವಿರುವುದು ಮಳೆಗಾಲದ ನಾಲ್ಕು ತಿಂಗಳು ಮತ್ತು ಈ ಅವಕಾಳಿಯ ದಿನಗಳು.

ಮನೆಯಲ್ಲಿ ಕಾಯಿಲೆ ಬಿದ್ದವರಿದ್ದರೆ ಓಣಿಯೆಲ್ಲ ವೈದ್ಯರಾಗುತ್ತದೆ. ಮೊದಲು ಬಂದವರು ಪಕ್ಕದ ಮನೆಯ ಕಾಕಾ. ಅವರು ಈರುಳ್ಳಿ ಬೆಳೆಯುವವರು. ಹೊಲದ ಅಂಚಿನಲ್ಲಿ ಅವರದೊಂದು ಕಾಂದಾ ಚಾಳಿದೆ. ನೀವು ನಾಸಿಕದ ಕಡೆ ಹೋದರೆ ರಸ್ತೆಯ ಎರಡೂ ಬದಿ ಇವು ಕಾಣುತ್ತವೆ: ನೆಲದಿಂದ ಮೇಲೆತ್ತಿ ಕಟ್ಟಿದ ಉದ್ದನೆಯ ಗೂಡು, ಪಕ್ಕಕ್ಕೆ ಸಂದಿ ಬಿಟ್ಟು ಹೊಡೆದ ಪಟ್ಟಿಗಳು, ಕೆಳಗಿನಿಂದಲೂ ಗಾಳಿ ಆಡುವ ಹಾಗೆ ಬಿಟ್ಟ ಜಾಗ. ಬೇಸಿಗೆಯಲ್ಲಿ ಕಿತ್ತ ಈರುಳ್ಳಿ ಮಳೆಗಾಲ ದಾಟುವವರೆಗೆ ಕೊಳೆಯದೆ ಉಳಿಯುವುದು ಈ ಗಾಳಿಯಿಂದ. ಕಾಕಾ ಶೆಡ್ಡಿನ ಸುತ್ತ ಒಂದು ಪ್ರದಕ್ಷಿಣೆ ಹಾಕಿ, "ಸಾಹೇಬ, ನಿಮ್ಮ ಮಶೀನು ಉಸಿರುಗಟ್ಟಿ ಬೆವರುತ್ತಿದೆ. ನಾಲ್ಕೂ ಕಡೆ ಕಿಟಕಿ ಇಡಿಸಿ, ಗಾಳಿ ಆಡಲಿ" ಎಂದು ತೀರ್ಪು ಕೊಟ್ಟರು.

ಈರುಳ್ಳಿಯ ವಿಷಯದಲ್ಲಿ ಕಾಕಾ ಹೇಳಿದ್ದು ವೇದವಾಕ್ಯ. ಆದರೆ ಈರುಳ್ಳಿಗೂ ಲೇಥಿಗೂ ಒಂದು ವ್ಯತ್ಯಾಸವಿದೆ. ಈರುಳ್ಳಿ ತಾನೇ ಉಸಿರಾಡುತ್ತದೆ, ತಾನೇ ಬಿಸಿಯಾಗುತ್ತದೆ, ಒಳಗಿನ ತೇವವನ್ನು ಹೊರಗೆ ಬಿಡುತ್ತದೆ. ಅದನ್ನು ಒಯ್ಯಲು ಗಾಳಿ ಬೇಕು. ಲೇಥಿನ ತೇವ ಒಳಗಿನದಲ್ಲ, ಆ ಗಾಳಿಯೇ ಹೊತ್ತು ತಂದದ್ದು. ಬೆಳಗ್ಗೆ ಕಬ್ಬಿಣ ತಣ್ಣಗಿರುವಾಗ ಕಿಟಕಿ ತೆರೆದರೆ ನೀರನ್ನು ಮನೆಗೆ ಕರೆದ ಹಾಗೆ. ಮಧ್ಯಾಹ್ನ ಬಿಸಿಲೇರಿ ಹೊರಗೆ ಒಣಗಿದ ಮೇಲೆ ತೆರೆದರೆ ಅದೇ ಗಾಳಿ ಒರೆಸಿಕೊಂಡು ಹೋಗುತ್ತದೆ. ಹೀಗಾಗಿ ಕಾಕಾ ತಮ್ಮ ಚಾಳಿಗೆ ಹೋಗುವ ಹೊತ್ತಿನಲ್ಲಿ ನಾನು ನನ್ನ ಬಾಗಿಲು ಹಾಕಿಕೊಳ್ಳುತ್ತೇನೆ. ಓಣಿಯಲ್ಲಿ ಇದರ ಬಗ್ಗೆ ಬೇರೆ ಬೇರೆ ಅರ್ಥ ಹುಟ್ಟಿಕೊಂಡಿದೆ. ಹುಟ್ಟಲಿ.

ಎರಡನೆಯ ವೈದ್ಯ ನನ್ನ ಅಳಿಯ. ಹಬ್ಬಕ್ಕೆ ಬಂದವನು ಬಜಾರಿಗೆ ಹೋಗಿ ದಪ್ಪನೆಯ ಪ್ಲಾಸ್ಟಿಕ್ ತಾಡಪತ್ರಿ ತಂದು ಲೇಥಿಗೆ ಮೂಗಿನವರೆಗೆ ಹೊದಿಸಿ, ಸುತ್ತಲೂ ಹಗ್ಗ ಬಿಗಿದ. ಮಾವನ ಮನೆಯಲ್ಲಿ ಅಳಿಯ ಮಾಡಿದ ಕೆಲಸವನ್ನು ಅಳಿಯ ಇರುವವರೆಗೆ ಬಿಚ್ಚುವ ಪದ್ಧತಿ ನಮ್ಮ ಕಡೆ ಇಲ್ಲ. ಅವನು ಊರಿಗೆ ಹೋದ ಮೇಲೆ ಬಿಚ್ಚಿದೆ. ತಾಡಪತ್ರಿಯ ಒಳಮೈ ತುಂಬ ಹನಿ. ನೆಲದ ಸಿಮೆಂಟು ಮಣ್ಣಿನ ತೇವವನ್ನು ಮೇಲಕ್ಕೆಳೆಯುತ್ತದೆ. ಅದು ಹೊರಗೆ ಹೋಗಲು ದಾರಿಯಿಲ್ಲದೆ ಪ್ಲಾಸ್ಟಿಕ್ಕಿಗೆ ಹತ್ತಿ, ತಣ್ಣಗಾಗಿ, ತಿರುಗಿ ಲೇಥಿನ ಮೇಲೆಯೇ ಬಿದ್ದಿತ್ತು. ನಿಮ್ಮ ನೆಲ ಹಾಗಿದೆಯೋ ಇಲ್ಲವೋ ನೋಡಬೇಕೆಂದರೆ ಖರ್ಚಿಲ್ಲದ ಪರೀಕ್ಷೆಯಿದೆ: ಒಂದು ತುಂಡು ಪ್ಲಾಸ್ಟಿಕ್ ಹಾಳೆಯನ್ನು ನೆಲಕ್ಕೆ ಹಾಸಿ ನಾಲ್ಕೂ ಅಂಚಿಗೆ ಟೇಪು ಹಚ್ಚಿ ರಾತ್ರಿ ಬಿಡಿ. ಬೆಳಗ್ಗೆ ಹಾಳೆಯ ಅಡಿ ಒದ್ದೆಯಿದ್ದರೆ ನೀರು ಬರುತ್ತಿರುವುದು ಕೆಳಗಿನಿಂದ.

ಹಾಗಾದರೆ ಹೊದಿಕೆಯೇ ಬೇಡವೇ? ಬೇಕು; ಬಟ್ಟೆಯದು ಬೇಕು. ವರ್ನನ್ನನದೇ ಇನ್ನೊಂದು ಪ್ರಯೋಗ ನನಗೆ ಬಲು ಇಷ್ಟ. ಒಂದು ಕಬ್ಬಿಣದ ತುಂಡನ್ನು ಕೋಣೆಯಲ್ಲಿ ಹಾಗೇ ತೂಗುಬಿಟ್ಟ, ಇನ್ನೊಂದಕ್ಕೆ ತೆಳು ಮಲ್ಮಲ್ ಬಟ್ಟೆಯ ಗೂಡು ಕಟ್ಟಿದ. ಬಯಲಲ್ಲಿದ್ದದ್ದು ತುಕ್ಕು ಹಿಡಿಯಿತು, ಮಲ್ಮಲ್ಲಿನೊಳಗಿದ್ದದ್ದು ಹೊಳೆಯುತ್ತಲೇ ಉಳಿಯಿತು. ಬಟ್ಟೆ ಆವಿಯನ್ನೇನೂ ತಡೆದಿರಲಿಲ್ಲ, ಧೂಳನ್ನು ತಡೆದಿತ್ತು. ಧೂಳಿನ ಕಣ ಕಬ್ಬಿಣದ ಮೇಲೆ ಕೂತು ಗಾಳಿಯ ತೇವವನ್ನು ಹೀರಿ ಹಿಡಿದುಕೊಳ್ಳುತ್ತದೆ. ತುಕ್ಕು ಅದರಡಿಯಲ್ಲೇ ಮೊದಲು ಹುಟ್ಟುತ್ತದೆ. ಈ ಸಂಗತಿ ಓದಿದ ದಿನವೇ ನನ್ನ ಹಳೆಯ ಧೋತರವೊಂದು ಲೇಥಿಗೆ ಬಡ್ತಿ ಪಡೆಯಿತು. ಅದರ ಮೇಲೊಂದು ಕರಿ ಕಂಬಳಿ. ರಾಣೆಬೆನ್ನೂರು ಕಡೆಯ ಕುರುಬರು ನೇಯ್ದದ್ದು, ನಮ್ಮ ತಂದೆಯ ಕಾಲದ್ದು. ಇಲ್ಲಿಯ ಧನಗರ ಕುರಿಗಾರರ ಹೆಗಲ ಮೇಲೂ ಅಂಥದ್ದೇ ಇರುತ್ತದೆ, ದಖ್ಖನಿ ಕುರಿಯ ಉಣ್ಣೆ. ಉಣ್ಣೆಯ ಗುಣವೆಂದರೆ ಒಂದಷ್ಟು ತೇವವನ್ನು ತಾನು ಕುಡಿದು, ಮುಟ್ಟಿದರೆ ಒಣಗಿದಂತೆಯೇ ಇರುತ್ತದೆ. ಕುರಿಯ ಉಣ್ಣೆಯಿಂದ ತೆಗೆದ ಜಿಡ್ಡು, ಲ್ಯಾನೊಲಿನ್, ಇಂದಿಗೂ ತುಕ್ಕುನಿರೋಧಕ ಗ್ರೀಸುಗಳಲ್ಲಿ ಸೇರುತ್ತದೆ. ಮಳೆಯಲ್ಲಿ ನಿಂತ ಕುರಿಯನ್ನು ಕಾಯುವ ಪದಾರ್ಥ ಶೆಡ್ಡಿನಲ್ಲಿ ನಿಂತ ಲೇಥನ್ನು ಕಾಯಲಾರದೇ? ಕಂಬಳಿ ಹೊದ್ದ ಲೇಥನ್ನು ನೋಡಿ ಕಾಕಾ, "ಪಂಢರಪುರಕ್ಕೆ ಹೊರಟ ಹಾಗಿದೆ" ಎಂದರು.

ಮೂರನೆಯ ಸಲಹೆ ಬೆಂಕಿಯದು. ತಣ್ಣಗಿದ್ದದ್ದೇ ರೋಗವಾದರೆ ಬೆಚ್ಚಗೆ ಮಾಡಿದರಾಯಿತಲ್ಲ! ಹಳೆಯ ಸಹೋದ್ಯೋಗಿಯೊಬ್ಬರು ಸೀಮೆಎಣ್ಣೆ ಸ್ಟವ್ ಹಚ್ಚಿಡಲು ಹೇಳಿದರು. ಕೇಳಲು ಸರಿಯಾಗಿಯೇ ಇದೆ. ಆದರೆ ಸೀಮೆಎಣ್ಣೆ ಉರಿದಾಗ ಹುಟ್ಟುವುದು ಬರಿ ಬಿಸಿಯಲ್ಲ. ಒಂದು ಲೀಟರ್ ಸೀಮೆಎಣ್ಣೆ ಉರಿದರೆ ಸುಮಾರು ಒಂದು ಲೀಟರ್ ನೀರು ಆವಿಯಾಗಿ ಅದೇ ಕೋಣೆಯಲ್ಲಿ ಸೇರುತ್ತದೆ. ಅಡಿಗೆ ಅನಿಲವೂ ಕಮ್ಮಿಯಿಲ್ಲ: ಮನೆಗೆ ಬರುವ 14.2 ಕಿಲೋ ಸಿಲಿಂಡರು ಪೂರ್ತಿ ಉರಿದು ಮುಗಿಯುವ ಹೊತ್ತಿಗೆ ಸುಮಾರು 22 ಲೀಟರ್ ನೀರನ್ನು ಅಡಿಗೆಮನೆಯ ಗಾಳಿಗೆ ಬಿಟ್ಟಿರುತ್ತದೆ. ಟ್ಯಾಂಕರಿಗಾಗಿ ಕಾಯುವ ಊರಿನವರು ಈ ಲೆಕ್ಕ ಕೇಳಿದರೆ ನಿಟ್ಟುಸಿರು ಬಿಟ್ಟಾರು. ಮುಚ್ಚಿದ ಶೆಡ್ಡಿನಲ್ಲಿ ಉಸಿರುಗಟ್ಟುವ ಅಪಾಯ ಬೇರೆ.

ಕಬ್ಬಿಣಕ್ಕೆ ಬೇಕಾದದ್ದು ದೊಡ್ಡ ಉರಿಯಲ್ಲ. ಸುತ್ತಲಿನ ಗಾಳಿಗಿಂತ ಎರಡು ಡಿಗ್ರಿ ಮೇಲಿದ್ದರೆ ಸಾಕು, ಒಂದು ಹನಿಯೂ ಕೂರುವುದಿಲ್ಲ. ಅದಕ್ಕೆ ಮಿಸ್ತ್ರಿಗಳ ಹಳೆಯ ಉಪಾಯವೆಂದರೆ ಬೆಡ್ಡಿನ ಕೆಳಗೆ, ಹೊದಿಕೆಯ ಒಳಗೆ, ಬಟ್ಟೆಗೆ ತಾಗದ ಹಾಗೆ ಜಾಳಿಗೆ ಹಾಕಿ ಒಂದು ಬಲ್ಬು ಉರಿಸಿಡುವುದು. 60 ವಾಟಿನ ಗಾಜಿನ ಬಲ್ಬು ತಿನ್ನುವ ಕರೆಂಟಿನಲ್ಲಿ ಬೆಳಕಾಗುವುದು ಅತ್ಯಲ್ಪ, ನೂರಕ್ಕೆ ತೊಂಬತ್ತಕ್ಕೂ ಮೇಲೆ ಬಿಸಿಯಾಗಿ ಹೋಗುತ್ತದೆ. ದೀಪವಾಗಿ ಅದು ದಂಡಪಿಂಡ, ಒಲೆಯಾಗಿ ಬಂಗಾರ. ಮಲೆನಾಡಿನ ಮನೆಗಳಲ್ಲಿ ಮಳೆಗಾಲಕ್ಕೆ ಬೀರುವಿನೊಳಗೆ ಬಲ್ಬು ಇಡುತ್ತಿದ್ದದ್ದು ಇದಕ್ಕೇ; ಕ್ಯಾಮೆರಾದ ಲೆನ್ಸಿಗೆ ಬೂಸು ಹಿಡಿಯದಿರಲಿ ಎಂದು ಫೋಟೋದವರು ಇಡುತ್ತಿದ್ದದ್ದೂ ಇದನ್ನೇ. ಈಗ ಆ ಬಲ್ಬುಗಳೆಲ್ಲಿವೆ? 2015ರಲ್ಲಿ ಉಜಾಲಾ ಯೋಜನೆ ಬಂದ ಮೇಲೆ ಮನೆಮನೆಗೂ ಎಲ್‌ಇಡಿ ಬಂತು. ಕರೆಂಟು ಉಳಿಯಿತು, ದೇಶಕ್ಕೆ ಒಳ್ಳೆಯದಾಯಿತು, ನನ್ನ ಲೇಥಿಗೆ ನೆಗಡಿಯಾಯಿತು. ಎಲ್‌ಇಡಿ ಬೆಳಗುತ್ತದೆಯೇ ಹೊರತು ಕಾಯುವುದಿಲ್ಲ. ಇಲೆಕ್ಟ್ರಿಕ್ ಅಂಗಡಿಯ ಹುಡುಗನಿಗೆ "ಬೆಳಕು ಕಮ್ಮಿ, ಬಿಸಿ ಜಾಸ್ತಿ ಇರುವ ಬಲ್ಬು ಕೊಡಪ್ಪ" ಎಂದರೆ ಅವನು ನನ್ನ ಮುಖವನ್ನೇ ನೋಡಿದ.

ಎಣ್ಣೆಯ ವಿಷಯಕ್ಕೆ ಬರೋಣ. ಎಣ್ಣೆ ಹಚ್ಚಿದರೆ ತುಕ್ಕು ಬರುವುದಿಲ್ಲ ಎಂಬುದು ಮಕ್ಕಳಿಗೂ ಗೊತ್ತು. ಆದರೆ ಯಾವ ಎಣ್ಣೆ? ಡಬ್ಲ್ಯುಡಿ-40 ಡಬ್ಬಿ ಈಗ ಸೈಕಲ್ ಅಂಗಡಿಯಲ್ಲೂ ಸಿಗುತ್ತದೆ. ಅದರ ಜಾತಕ ದೊಡ್ಡದು. 1953ರಲ್ಲಿ ಅಮೆರಿಕದ ಸ್ಯಾನ್ ಡಿಯಾಗೋದ ರಾಕೆಟ್ ಕೆಮಿಕಲ್ ಎಂಬ ಸಣ್ಣ ಕಂಪನಿ ನೀರನ್ನು ಹೊರದಬ್ಬುವ ದ್ರಾವಣಕ್ಕಾಗಿ ತಡಕಾಡಿ, ನಲವತ್ತನೆಯ ಸೂತ್ರಕ್ಕೆ ಗೆದ್ದಿತು. ಅಟ್ಲಾಸ್ ಕ್ಷಿಪಣಿಯ ತೆಳು ಮೈ ತುಕ್ಕು ಹಿಡಿಯದಿರಲೆಂದು ಅದನ್ನು ಬಳಸಿದರು. ಎಚ್‌ಎಂಟಿ ಹುಟ್ಟಿದ್ದೂ ಅದೇ ವರ್ಷ. ಜಾತಕ ಕೂಡಿಬಂದಿದೆ ಎಂದು ನಾನು ಸಂತೋಷಪಟ್ಟೆ. ಆದರೆ ಅದರ ಪೊರೆ ತೆಳು. ಕೂತ ನೀರನ್ನು ಎಬ್ಬಿಸಲು ಸೈ, ಮಳೆಗಾಲ ಪೂರ್ತಿ ಕಾಯಲು ದಪ್ಪನೆಯದೇ ಬೇಕು. ಆದ್ದರಿಂದ ಮೊದಲು ಅದರಿಂದ ಒರೆಸಿ, ಮೇಲೆ 68 ನಂಬರಿನ ಎಣ್ಣೆ. ತಿಂಗಳುಗಟ್ಟಲೆ ಮುಟ್ಟದ್ದಕ್ಕೆ ಗ್ರೀಸು. ಅಳತೆಯ ಸಾಮಾನಿನ ಪೆಟ್ಟಿಗೆಯಲ್ಲಿ ಹಳೆಯ ಮಿಸ್ತ್ರಿಗಳು ಕರ್ಪೂರದ ತುಂಡು ಇಡುತ್ತಿದ್ದರು, ನಾನೂ ಇಡುತ್ತೇನೆ. ದೇವರ ಮನೆಯ ಕರ್ಪೂರದ ಡಬ್ಬಿ ಬೇಗ ಖಾಲಿಯಾಗುತ್ತಿರುವುದು ಮನೆಯವಳ ಗಮನಕ್ಕೆ ಬಂದಿದೆ. ಗಂಡನಿಗೆ ವಯಸ್ಸಾಯಿತು, ಭಕ್ತಿ ಹೆಚ್ಚಿತು ಎಂದು ಅವಳು ತಿಳಿದಿದ್ದಾಳೆ.

ಭಕ್ತಿಯ ಮಾತು ಬಂತು. ನಮ್ಮ ಆಯುಧಪೂಜೆ, ಇಲ್ಲಿಯವರ ಖಂಡೇನವಮಿ, ಮಳೆಗಾಲ ಮುಗಿಯುವ ಹೊತ್ತಿಗೆ ಸರಿಯಾಗಿ ಬರುತ್ತದೆ. ಸಾಮಾನೆಲ್ಲ ಕೆಳಗಿಳಿಸಿ, ಉಜ್ಜಿ, ಎಣ್ಣೆ ಹಚ್ಚುವುದಕ್ಕೆ ಇದಕ್ಕಿಂತ ಒಳ್ಳೆಯ ಹೊತ್ತಿಲ್ಲ. ಹಿರಿಯರು ಪಂಚಾಂಗದಲ್ಲೇ ಸರ್ವಿಸಿಂಗ್ ದಿನ ಗೊತ್ತುಮಾಡಿ ಇಟ್ಟಿದ್ದಾರೆ. ಆದರೆ ಉಜ್ಜಿ ಹೊಳೆಯಿಸಿದ ಬೆಡ್ಡಿನ ಮೇಲೆ ನೀರಿನಲ್ಲಿ ಕಲಸಿದ ಕುಂಕುಮ, ಅರಿಷಿಣ, ಮೇಲೆ ತೆಂಗಿನಕಾಯಿ ನೀರಿನ ಪ್ರೋಕ್ಷಣೆ! ಮರುದಿನ ಬೊಟ್ಟು ಒರೆಸಿದರೆ ಅದರಡಿ ಅಷ್ಟೇ ದುಂಡನೆಯ, ಅದಕ್ಕಿಂತ ತುಸು ಕಪ್ಪಾದ ಕೆಂಪು ಬೊಟ್ಟು ಇನ್ನೊಂದಿರುತ್ತದೆ. ಅದು ಎಮರಿ ಕಾಗದಕ್ಕಷ್ಟೇ ಮಣಿಯುತ್ತದೆ. ಈಗ ನಮ್ಮ ಮನೆಯಲ್ಲಿ ಲೇಥಿಗೆ ಬೊಟ್ಟು ಬಣ್ಣ ಬಳಿದ ಹೆಡ್‌ಸ್ಟಾಕಿನ ಹಣೆಗೆ ಮಾತ್ರ. ದೇವಿ ಇದಕ್ಕೆ ಮುನಿದುಕೊಂಡ ಸೂಚನೆ ಇದುವರೆಗೆ ಕಂಡಿಲ್ಲ.

ಮುಟ್ಟುವ ಕೈಯೂ ಸಾಧುವಲ್ಲ. ಬೆವರಿನಲ್ಲಿ ಉಪ್ಪಿದೆ, ಪಾಲಿಶು ಮಾಡಿದ ಉಕ್ಕಿನ ಮೇಲೆ ಹೆಬ್ಬೆರಳು ಒತ್ತಿ ಬಿಟ್ಟರೆ ನಾಲ್ಕು ದಿನದಲ್ಲಿ ಗೆರೆಗೆರೆಯಾಗಿ ಬೆರಳಚ್ಚು ಮೂಡುತ್ತದೆ, ತಹಸೀಲ್ದಾರ್ ಕಚೇರಿಯ ದಾಖಲೆಗೂ ಆದೀತು. ಕೆಲವರ ಕೈಗೆ ಈ ಗುಣ ಹೆಚ್ಚು. ಬೇರಿಂಗು, ವಾಚು ಮಾಡುವ ಕಡೆ ಅಂಥವರಿಗೆ ಕೈಗವಸು ಕಡ್ಡಾಯ. ಇನ್ನು ಶೆಡ್ಡಿನ ಮೂಲೆಯಲ್ಲಿ ಕೂತ ಗುಪ್ತ ಶತ್ರುಗಳು: ಟಾಯ್ಲೆಟ್ ತೊಳೆಯುವ ಆ್ಯಸಿಡ್ಡಿನ ಬಾಟಲಿ, ಇನ್ವರ್ಟರ್ ಬ್ಯಾಟರಿ, ಪೊಟ್ಯಾಶ್ ಗೊಬ್ಬರದ ಚೀಲ. ಆ್ಯಸಿಡ್ಡಿನ ಬಾಟಲಿಗೆ ಬಿರಡೆ ಬಿಗಿದಿದ್ದರೂ ಅದರ ಹಬೆ ನುಸುಳಿ ಕೋಣೆಯ ಕಬ್ಬಿಣಕ್ಕೆಲ್ಲ ಕೆಂಪು ಹಚ್ಚುತ್ತದೆ. ಕಾಕಾ ಅವರ ಗೊಬ್ಬರದ ಗೋದಾಮಿನಲ್ಲಿಟ್ಟ ಕುಂಟೆಯ ಬ್ಲೇಡು, ನೇಗಿಲ ಗುಳ ಯಾಕೆ ಅಷ್ಟು ಬೇಗ ಸವೆಯುತ್ತವೆ ಎಂಬ ಒಗಟು ಹೀಗೆ ಬಿಚ್ಚಿಕೊಂಡಿತು. ಚೀಲಗಳನ್ನು ಬೇರೆ ಕಡೆ ಇಡಿಸಿದೆವು. ಅವರ ಕಿಟಕಿ ಸಲಹೆಯ ಋಣ ತೀರಿತು.

ತುಕ್ಕೇ ಹಿಡಿಯದ ಲೋಹವಿದ್ದರೆ ಇಷ್ಟೆಲ್ಲ ಯಾಕೆ ಎಂದು ಕೇಳುತ್ತೀರಿ. ನಾನು ಬೆಳೆದ ಊರಿನಲ್ಲೇ ಇದೆ. ವಿಜಯಪುರದ ಮಲಿಕ್-ಎ-ಮೈದಾನ್ ತೋಪು ಇಲ್ಲಿಗೆ ಹತ್ತಿರದ, ಈಗ ಅಹಿಲ್ಯಾನಗರವಾಗಿರುವ ಅಹಮದನಗರದಲ್ಲಿ 1549ರಲ್ಲಿ ಎರಕಗೊಂಡದ್ದು. ಪರಾಂಡಾ ಕೋಟೆಯಿಂದ 1632ರಲ್ಲಿ ವಿಜಯಪುರ ಸೇರಿತು. ಸುಮಾರು 55 ಟನ್ನಿನ ಕಂಚು. ಅದು ಈ ಕಡೆಯಿಂದ ಆ ಕಡೆ ಹೋಯಿತು, ನಾನು ಆ ಕಡೆಯಿಂದ ಈ ಕಡೆ ಬಂದೆ. ತೂಕ ಸರಿದೂಗಲಿಲ್ಲ, ಅಷ್ಟೆ. ಎಂಥ ಬಿಸಿಲಿನಲ್ಲೂ ಅದು ತಣ್ಣಗಿರುತ್ತದೆ ಎಂದು ಗೈಡುಗಳು ಹೇಳುತ್ತಾರೆ, ಹುಡುಗರಾಗಿದ್ದಾಗ ನಾವೂ ಕೆನ್ನೆ ಒತ್ತಿ ನೋಡುತ್ತಿದ್ದೆವು. ಪವಾಡವೇನಲ್ಲ, ಅಷ್ಟು ಭಾರದ ಲೋಹ ಕಾಯುವುದೂ ನಿಧಾನ, ತಣಿಯುವುದೂ ನಿಧಾನ. ನನ್ನ ಲೇಥಿನ ರೋಗವೇ ಅದರ ಕೀರ್ತಿ. ಕಂಚಾದ್ದರಿಂದ ಬೆವತರೂ ಅದಕ್ಕೆ ಚಿಂತೆಯಿಲ್ಲ. ಅದೇ ಊರಿನ ಉಪಲಿ ಬುರುಜಿನ ಮೇಲೆ ಮಲಗಿರುವ ಉದ್ದನೆಯ ಕಬ್ಬಿಣದ ತೋಪುಗಳು ತಲೆಮಾರುಗಳಿಂದ ಉಳಿದದ್ದು ನಮ್ಮ ಕಡೆಯ ಒಣ ಹವೆಯ ಕೃಪೆಯಿಂದಲೂ ಇರಬೇಕು ಎಂಬುದು ನನ್ನ ಊಹೆ. ಆದರೆ ಕೊಡಚಾದ್ರಿಯ ಮೇಲಿನ ಕಬ್ಬಿಣದ ಕಂಬಕ್ಕೆ ಏನು ಹೇಳುತ್ತೀರಿ? ಜಡಿಮಳೆಯ ಆ ಗುಡ್ಡದ ಮೇಲೆ ಅದು ನಿಂತೇ ಇದೆ. ಲೋಹವಿಜ್ಞಾನಿ ಟಿ. ಆರ್. ಅನಂತರಾಮನ್ 1999ರಲ್ಲಿ 'ಕರೆಂಟ್ ಸೈನ್ಸ್' ಪತ್ರಿಕೆಯಲ್ಲಿ ಅದರ ಬಗ್ಗೆ ಬರೆದರು. ದೆಹಲಿಯ ಮೆಹ್ರೌಲಿ ಕಂಬದ ಗುಟ್ಟು ಅದರ ಕಬ್ಬಿಣದಲ್ಲಿರುವ ರಂಜಕ ಎಂದು ಕಾನ್ಪುರದ ಆರ್. ಬಾಲಸುಬ್ರಮಣಿಯಂ ವಿವರಿಸಿದ್ದಾರೆ, ಅದು ಮೈಮೇಲೆ ತೆಳ್ಳನೆಯ ರಕ್ಷೆ ಕಟ್ಟುತ್ತದೆ. ನನ್ನ ಲೇಥಿಗೆ ಅಂಥ ರಕ್ಷೆಯಿಲ್ಲ. ಧೋತರವಿದೆ.

ಈ ಕಡೆಗೆ ಹೊಟ್ಟೆಪಾಡಿಗೆ ಬಂದ ಕನ್ನಡಿಗರಲ್ಲಿ ನಾನು ಮೊದಲನೆಯವನೇನಲ್ಲ ಎಂದು ಸಮಾಧಾನ ಮಾಡಿಕೊಳ್ಳುವುದುಂಟು. ವಿಶ್ವೇಶ್ವರಯ್ಯನವರು 1884ರಲ್ಲಿ ಮುಂಬೈ ಸರ್ಕಾರದ ಸಹಾಯಕ ಎಂಜಿನಿಯರಾಗಿ ಮೊದಲು ಬಂದದ್ದು ನಾಸಿಕಕ್ಕೇ. ಮುಂದೆ ಭದ್ರಾವತಿಯ ಕಬ್ಬಿಣದ ಕಾರ್ಖಾನೆಯ ಹೊಣೆಯನ್ನೂ ಹೊತ್ತರು. ಅವರು ಊರಿಗೆ ಬೇಕಾದ ನೀರಿನ ಲೆಕ್ಕ ಹಾಕಿದರು. ನಾನು ಬೇಡದ ನೀರಿನ ಲೆಕ್ಕ ಹಾಕುತ್ತಿದ್ದೇನೆ.

ಮನೆಯವಳು ಇಷ್ಟೂ ಪುರಾಣವನ್ನು ಒಂದು ಸಂಜೆ ಒಲೆಯ ಮುಂದೆ ಕೂತು ಕೇಳಿದಳು. ಕೈ ಜೋಳದ ರೊಟ್ಟಿ ಬಡಿಯುತ್ತಲೇ ಇತ್ತು. ಕೊನೆಗೆ ಹಂಚನ್ನು ಇಕ್ಕಳದಿಂದ ಎತ್ತಿ ತೋರಿಸಿ, "ಇದೂ ಕಬ್ಬಿಣನ ಅಲ್ಲೇನ್ರಿ? ನಮ್ಮ ಅತ್ತಿಯವರ ಕಾಲದ್ದು. ಇದಕ್ಕ ಯಾವಾಗರ ಜಂಗ್ ಹಿಡದದ್ದು ನೋಡೀರೇನು?" ಎಂದಳು. ನೋಡಿರಲಿಲ್ಲ. ಕಪ್ಪಗೆ, ನುಣ್ಣಗೆ, ಅಂಚಿನಲ್ಲಿ ಮಿರಮಿರ ಮಿಂಚುತ್ತಿತ್ತು. ದಿನಾ ಕಾದು, ದಿನಾ ಒಂದಿಷ್ಟು ಎಣ್ಣೆಯ ಕೈ ತಾಗಿ, ಆ ಎಣ್ಣೆ ಬೆಂದು ಗಟ್ಟಿಯಾಗಿ ಅದರ ಮೈಗೇ ಅಂಟಿದೆ. ತೊಳೆದರೂ ಒಲೆಯ ಮೇಲೇ ಒಣಗುತ್ತದೆ. ತಣ್ಣಗೆ ಒಬ್ಬಂಟಿಯಾಗಿ ಕೂರಲು ಅದಕ್ಕೆ ಬಿಡುವೇ ಇಲ್ಲ. "ನಿಮ್ಮ ಮಶೀನು ವಾರದಾಗ ಒಂದಿನ ತಿರುಗತೈತಿ, ಉಳಿದ ದಿನ ನೀವು ಅದರ ಬಗ್ಗೆ ಮಾತಾಡತೀರಿ" ಎಂದು ರೊಟ್ಟಿ ಮಗುಚಿ ಹಾಕಿದಳು.

ಅಲ್ಲಿಂದ ಈಚೆಗೆ ದಿನಾ ಒಂದಿಷ್ಟು ಹೊತ್ತು ಲೇಥ್ ತಿರುಗಿಸುತ್ತೇನೆ, ಕೆಲಸವಿರಲಿ ಇಲ್ಲದಿರಲಿ. ಮೋಟಾರು, ಗೇರು ತಿರುಗಿದರೆ ಹೆಡ್‌ಸ್ಟಾಕು ತಾನೇ ಬೆಚ್ಚಗಾಗುತ್ತದೆ. ಸ್ಯಾಡಲ್ ಹಿಂದೆ ಮುಂದೆ ಓಡಾಡಿದರೆ ಬೆಡ್ಡಿಗೆ ಎಣ್ಣೆ ತಾನೇ ಹರಡುತ್ತದೆ. ಮಾಡುವುದಕ್ಕೆ ಏನೂ ಇಲ್ಲದ ದಿನ ಲಟ್ಟಣಿಗೆ ಕೊರೆಯುತ್ತೇನೆ. ಓಣಿಯ ಎಲ್ಲ ಮನೆಗಳಲ್ಲೂ ಈಗ ನಾನು ಕೊರೆದ ಲಟ್ಟಣಿಗೆಗಳಿವೆ, ಕೆಲವರ ಮನೆಯಲ್ಲಿ ಎರಡೆರಡು. ನನ್ನನ್ನು ಕಂಡರೆ ಕೆಲವರು ಬೇರೆ ಗಲ್ಲಿ ಹಿಡಿಯುತ್ತಾರೆ. ಬೆಡ್ಡು ಮಾತ್ರ ಕನ್ನಡಿಯ ಹಾಗಿದೆ.

ಕೊನೆಗೊಂದು ಮನವಿ. ನಿಮ್ಮ ಅಟ್ಟದ ಮೇಲೆ, ಹಳೆಯ ಟ್ರಂಕಿನಲ್ಲಿ, ಮಳೆಗಾಲದಲ್ಲಿ ತೇವ ಹಿಡಿಯುವ ಯಾವುದಾದರೂ ಮೂಲೆಯಲ್ಲಿ, 40 ಅಥವಾ 60 ವಾಟಿನ ಗಾಜಿನ ಬಲ್ಬೊಂದು ಕಾಗದದ ಕವಚದೊಳಗೆ ಹಾಗೇ ಉಳಿದಿದ್ದರೆ ದಯವಿಟ್ಟು ರದ್ದಿಯವನಿಗೆ ಹಾಕಬೇಡಿ. ಕಳಿಸಿಕೊಡಿ. ಬದಲಿಗೆ ಒಳ್ಳೆಯ ಶೀಸಂ ಕಟ್ಟಿಗೆಯ ಲಟ್ಟಣಿಗೆ ಕೊಡುತ್ತೇನೆ. ಎರಡು ಬಲ್ಬಿದ್ದರೆ ಮಣೆಯನ್ನೂ ಸೇರಿಸುತ್ತೇನೆ.